ಬಡಿಸುವ ಕೈ ತಡೆದು ಹಿಡಿದವರಿಗೆ

ಈ ತಿಂಗಳಿಗೆ ನನ್ನ ಗ್ಯಾಸ್ಟ್ರಿಕ್ ಬೈಪಾಸ್, ಅಂದರೆ ತೂಕ ಇಳಿಸಲು ಹೊಟ್ಟೆಯನ್ನು ಪುಟ್ಟ ಚೀಲ ಮಾಡಿ ಕರುಳಿಗೆ ಜೋಡಿಸುವ ಆಪರೇಷನ್ ಆಗಿ ಏಳು ವರ್ಷ ತುಂಬಿತು. 2018ರಲ್ಲಿ ಆಸ್ಪತ್ರೆ ಸೇರಿದಾಗ ನನ್ನ ತೂಕ 124 ಕೆಜಿ. ಎರಡನೇ ವರ್ಷದ ಹೊತ್ತಿಗೆ 76ಕ್ಕೆ ಇಳಿದಿತ್ತು. ಇವತ್ತು 84. ಮೊನ್ನೆ ಬಂದ ರಕ್ತದ ರಿಪೋರ್ಟಿನಲ್ಲಿ ಬಿ12, ಕಬ್ಬಿಣ, ವಿಟಮಿನ್ ಡಿ ಎಲ್ಲ ಇರಬೇಕಾದಷ್ಟಿವೆ. ಮೂರು ತಿಂಗಳ ಸರಾಸರಿ ಸಕ್ಕರೆ 6.2. ಡಾಕ್ಟರು ರಿಪೋರ್ಟ್ ಮಡಚಿಟ್ಟು ನನ್ನನ್ನು ಹೊಗಳಿದರು. ಹೊಗಳಿಕೆಯಷ್ಟೂ ನನ್ನೊಬ್ಬಳ ಲೆಕ್ಕಕ್ಕೇ ಬಿತ್ತು, ಅದರಲ್ಲಿ ಪಾಲು ಸಲ್ಲಬೇಕಾದವರು ಬಹಳ ಜನ ಇದ್ದಾರೆ. ಅವರಲ್ಲಿ ಅರ್ಧ ಜನಕ್ಕೆ ತಾವೇನು ಮಾಡಿದೆವು ಅನ್ನುವುದೂ ಗೊತ್ತಿರಲಿಕ್ಕಿಲ್ಲ.

ಆಪರೇಷನ್ ಮಾಡಿದವರಿಗೆ, ಅರಿವಳಿಕೆ ಕೊಟ್ಟವರಿಗೆ, ವಾರ್ಡಿನ ಸಿಸ್ಟರ್‌ಗಳಿಗೆ ಅವತ್ತೇ ಕೈ ಮುಗಿದಿದ್ದೆ, ಈಗಲೂ ಮುಗಿಯುತ್ತೇನೆ. ರಾತ್ರಿ ಉಸಿರು ಕಟ್ಟದಿರಲಿ ಅಂತ ಮುಖಕ್ಕೆ ಮಾಸ್ಕ್ ಬಿಗಿದುಕೊಂಡು ಮಲಗುತ್ತಿದ್ದವಳು ನಾನು. ಆ ಮೆಷಿನ್ ಹೋಯಿತು, ಇನ್ಸುಲಿನ್ ಹೋಯಿತು. ಆದರೆ ಒಂದು ಮಾತು ಹೇಳಲೇಬೇಕು. ಈ ಆಪರೇಷನ್ ಆದವರಿಗೆ ಮೊದಲ ವರ್ಷ, ಕೂದಲು ಉದುರುವುದೊಂದು ಬಿಟ್ಟರೆ, ಸಲೀಸು. ಹಸಿವು ಅಂತ ಒಂದಿತ್ತು ಅನ್ನುವುದೇ ಮರೆತುಹೋಗುತ್ತೆ, ತೂಕ ತಾನಾಗಿ ಇಳಿಯುತ್ತೆ, ಎದುರು ಸಿಕ್ಕವರೆಲ್ಲ ಕಣ್ಣರಳಿಸುತ್ತಾರೆ. ಆಮೇಲೆ ಎಲ್ಲರಿಗೂ ಅದು ಹಳೆಯ ಸುದ್ದಿ. ಹಸಿವು ಮಾತ್ರ ಮೆಲ್ಲಗೆ ವಾಪಸ್ ಬಂದು ಕೂತಿರುತ್ತೆ. ನಾನಿಲ್ಲಿ ನೆನೆಯುತ್ತಿರುವುದು ಆ ಆಮೇಲಿನ ವರ್ಷಗಳವರನ್ನು.

ಮೊದಲು ನಮ್ಮತ್ತೆ. ಆಪರೇಷನ್ ವಿಷಯ ಕೇಳಿದ ದಿನ "ಹೊಟ್ಟೆ ಕುಯ್ಸ್ಕಂಡು ಸಣ್ಣಾಗದಾ? ಎಂಥ ಕಾಲ ಬಂತವ್ವ" ಅಂದು ಎರಡು ದಿನ ಮಾತು ಬಿಟ್ಟಿದ್ದರು. ಮಂಡ್ಯ ಕಡೆಯ ಮನೆಗಳಲ್ಲಿ ಉಣ್ಣುವವರನ್ನು ಬಲವಂತ ಮಾಡುವುದೇ ಪ್ರೀತಿ. ಬೇಡ ಅಂದವರಿಗೆ ಒಂದು ಸೌಟು ಜಾಸ್ತಿ. ಅರವತ್ತು ವರ್ಷ ಹಾಗೇ ಇಕ್ಕಿ ಅಭ್ಯಾಸವಾದ ಕೈ ಅದು. ಆ ಕೈಯನ್ನು ಅವರು ಹೇಗೆ ಪಳಗಿಸಿಕೊಂಡರೋ ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಒಂದು ದಿನ ನನ್ನ ತಟ್ಟೆಗೆ ನಿಂಬೆಹಣ್ಣಿನ ಗಾತ್ರದ ಮುದ್ದೆ ಬಂತು. ಸಾರು ಮಾತ್ರ ಪಾತ್ರೆಯ ತಳದಿಂದ, ಕಾಳು ಜಾಸ್ತಿ, ನೀರು ಕಮ್ಮಿ. ಅವತ್ತಿನಿಂದ ಇವತ್ತಿನವರೆಗೂ ನಮ್ಮ ಮನೆಯಲ್ಲಿ ಬಸ್ಸಾರಿನ ಪಲ್ಯ ಮೊದಲು ನನ್ನ ತಟ್ಟೆಗೆ, ಮಿಕ್ಕಿದ್ದು ಬೇರೆಯವರಿಗೆ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರಿನ ತಳ ಪೂರ್ತಿ ಅಮ್ಮನಿಗೇ ಅಂತ ಮಗ ಜಗಳ ತೆಗೆಯುವುದೂ ಉಂಟು. "ನಿನಗೇನ್ಲಾ, ಮುದ್ದೆ ಇನ್ನೊಂದು ಹಾಕ್ಸ್ಕೊ" ಅನ್ನುತ್ತಾರೆ ಅತ್ತೆ. ಅವರಿಗೆ ಪ್ರೋಟೀನ್ ಅನ್ನುವ ಪದ ಇವತ್ತಿಗೂ ಬಾಯಿಗೆ ಬರುವುದಿಲ್ಲ, ಆದರೆ ದಿನಕ್ಕೆ 60 ಗ್ರಾಂ ನನ್ನ ಹೊಟ್ಟೆಗೆ ಸೇರುತ್ತಿರುವುದು ಅವರ ಸೌಟಿನಿಂದ.

ಅತ್ತೆಯ ಸೌಟಿಗೂ ಆಸ್ಪತ್ರೆಯ ಚೀಟಿಗೂ ನಂಟು ಹಾಕಿದವರು ನಮ್ಮ ಡಯಟಿಷಿಯನ್ ಮೇಡಂ. ನನಗಿಂತ ಹದಿನೈದು ವರ್ಷ ಚಿಕ್ಕ ಹುಡುಗಿ. ಅಲ್ಲಿಗೆ ಮುಂಚೆ ನಾನು ನೋಡಿದ್ದ ಡಯಟ್ ಚಾರ್ಟುಗಳಲ್ಲೆಲ್ಲ ಓಟ್ಸು, ಬ್ರೊಕೊಲಿ, ನಮ್ಮ ಅಂಗಡಿಯಲ್ಲಿ ಸಿಗದ ಬೀಜಗಳು. ಈಕೆ ಮೊದಲು ಕೇಳಿದ್ದು "ಮನೇಲಿ ಏನು ಮಾಡ್ತೀರ, ಯಾರು ಮಾಡ್ತಾರೆ?" ಅಂತ. ಮುದ್ದೆ ಬಿಡಬೇಡಿ, ಆದರೆ ಅಗಿದು ತಿನ್ನಿ ಅಂದರು. ಇದು ನಮ್ಮ ಕಡೆಯವರಿಗೆ ಎಷ್ಟು ನಗೆಪಾಟಲಿನ ವಿಷಯ ಅನ್ನುವುದು ಮುದ್ದೆ ಉಣ್ಣುವವರಿಗೇ ಗೊತ್ತು. ಮುದ್ದೆ ನುಂಗಬೇಕು, ಅಗಿಯುವವರು ಪರಊರಿನವರು! ಆದರೆ ಬೈಪಾಸ್‌ನಲ್ಲಿ ಮೊದಲಿಗೆ ಉಳಿಸುವ ಹೊಟ್ಟೆಯ ಚೀಲ ಸುಮಾರು 30 ಮಿಲಿ ಹಿಡಿಯುವಂಥದ್ದು, ಅಲ್ಲಿಂದ ಕರುಳಿಗೆ ಇಳಿಯುವ ದಾರಿಯೂ ಕಿರಿದು. ನುಂಗಿದ ತುತ್ತು ಎದೆಯಲ್ಲೇ ಕಟ್ಟಿ ಕೂರುತ್ತೆ. ಹಾಗಾಗಿ ಏಳು ವರ್ಷದಿಂದ ಇಡೀ ಮನೆಯಲ್ಲಿ ಮುದ್ದೆ ಅಗಿಯುವವಳು ನಾನೊಬ್ಬಳು. ಮೊದಲು ಕಾಳು ಮೊಟ್ಟೆ, ಆಮೇಲೆ ಸೊಪ್ಪು, ಜಾಗ ಉಳಿದರೆ ಮುದ್ದೆ. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು.

ಆದರೆ ನಾನು ಆ ಹುಡುಗಿಗೆ ನಿಜವಾಗಿ ಋಣಿಯಾಗಿರುವುದು ಮೂರನೇ ವರ್ಷದ ಒಂದು ಮಾತುಕತೆಗೆ. ಆಗ ತೂಕ ಏರತೊಡಗಿತ್ತು. 79, 83, ಆಮೇಲೆ 88. ಬೈಸಿಕೊಳ್ಳುವುದಕ್ಕೆ ತಯಾರಾಗಿ ಹೋಗಿದ್ದೆ. ಆಕೆ ಬೈಯಲಿಲ್ಲ, ಸ್ವೀಡನ್ನಿನ ಕಥೆ ಹೇಳಿದರು. ಅಲ್ಲಿ 1987ರಿಂದ ಆಪರೇಷನ್ ಆದ ಸುಮಾರು ಎರಡು ಸಾವಿರ ಜನರನ್ನೂ ಆಗದ ಅಷ್ಟೇ ಜನರನ್ನೂ ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. ಬೈಪಾಸ್ ಆದವರ ತೂಕ ಮೊದಲೆರಡು ವರ್ಷದಲ್ಲಿ ಸರಾಸರಿ 32 ಶೇಕಡಾ ಇಳಿದು, ಆಮೇಲೆ ನಿಧಾನಕ್ಕೆ ಒಂದಿಷ್ಟು ಏರಿ, ಹತ್ತನೇ ವರ್ಷಕ್ಕೆ 25 ಶೇಕಡಾ ಇಳಿಕೆಯಲ್ಲಿ ನಿಂತಿತಂತೆ. ಅಂದರೆ ಒಂದಷ್ಟು ಮರಳುವುದು ಶರೀರದ ಗುಣ. ಇಳಿದ ಶರೀರ ಮುಂಚಿನಷ್ಟು ಉರಿಸುವುದಿಲ್ಲ, ಹಸಿವಿನ ಹಾರ್ಮೋನುಗಳು ಮತ್ತೆ ಸದ್ದು ಮಾಡುತ್ತವೆ. "ನಿಮ್ಮ 124ರಲ್ಲಿ 25 ಶೇಕಡಾ ಅಂದ್ರೆ 31 ಕೆಜಿ. ನೀವು ಇನ್ನೂ ಅದಕ್ಕಿಂತ ಚೆನ್ನಾಗಿದ್ದೀರಿ. 76ನ್ನೇ ನೋಡ್ತಾ ಕೂತರೆ ಕೈಯಲ್ಲಿರೋದೂ ಹೋಗುತ್ತೆ" ಅಂದರು. ನಾನು ಲೆಕ್ಕದ ಟೀಚರು. ಸಮಾಧಾನದ ಮಾತಿಗಿಂತ ಲೆಕ್ಕ ನನಗೆ ಬೇಗ ಹಿಡಿಸುತ್ತೆ.

ಆಮೇಲೆ ದಿನವಿಡೀ ಏನೇನು ಬಾಯಿಗೆ ಹೋಗುತ್ತೆ ಅಂತ ಬರೆಸಿದರು. ಊಟದಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಸ್ಟಾಫ್ ರೂಮಿನಲ್ಲಿ. ಪೇಪರ್ ತಿದ್ದುತ್ತ ಬಾಯಾಡಿಸುವ ಖಾರ, ಕೋಡುಬಳೆ, ಕಾಫಿಗೆ ಅದ್ದಿದ ಬಿಸ್ಕತ್ತು. ಕಾಳುಪಲ್ಯ ನಾಲ್ಕು ತುತ್ತಿಗೆ ಸಾಕು ಅನ್ನಿಸುವ ಹೊಟ್ಟೆ ಬಿಸ್ಕತ್ತಿಗೆ ಸಾಕು ಅನ್ನುವುದೇ ಇಲ್ಲ, ಅದು ಕರಗಿ ಜಾರಿ ಹೋಗುತ್ತೆ. ಆಪರೇಷನ್ನಿಗೆ ಕಾಣದ ಸಂದು ಅದು.

ಆ ಸಂದು ಮುಚ್ಚಿದವರು ನಮ್ಮ ಶಾಲೆಯವರು. ಹಿಂದಿ ಮೇಡಂ ತಮ್ಮ ಖಾರದ ಡಬ್ಬಿಯನ್ನು ಯಾರಿಗೂ ಹೇಳದೆ ಬೀರುವಿನ ಒಳಗೆ ಇಡತೊಡಗಿದರು. ಕಾರಣ ಕೇಳಿದ್ದಕ್ಕೆ ಇರುವೆ ಅಂದರು. ಯಾರದಾದರೂ ಹುಟ್ಟುಹಬ್ಬ, ಬೀಳ್ಕೊಡುಗೆ ಅಂದರೆ ಕೇಕು, ಬೋಂಡ ಬರುವುದು ನಿಲ್ಲುತ್ತದೆಯೇ? ನಿಲ್ಲಬಾರದು ಕೂಡ. ಆದರೆ ನನ್ನ ಮುಂದೆ ತಟ್ಟೆ ಹಿಡಿದು "ಒಂದೇ ಒಂದು ಮೇಡಂ, ಏನಾಗಲ್ಲ" ಅನ್ನುವ ಮಾತು ನಮ್ಮ ಶಾಲೆಯಲ್ಲಿ ನಿಂತಿದೆ. ಬಿಸಿಯೂಟದ ಅಡುಗೆಯಮ್ಮನ ವಿಷಯ ಬೇರೆ. ಮಕ್ಕಳಿಗೆ ಬಡಿಸುವ ಮುಂಚೆ ಟೀಚರ್ ಒಬ್ಬರು ರುಚಿ ನೋಡಬೇಕು ಅನ್ನುವುದು ನಿಯಮ. ನನ್ನ ಸರದಿ ಬಂದಾಗ ಆಕೆ ಮುಚ್ಚಳದ ಮೇಲೆ ಸರಿಯಾಗಿ ಒಂದು ಚಮಚ ಹಾಕಿ, "ರುಚಿ ನೋಡಕ್ಕೆ ಇಷ್ಟು ಸಾಕಲ್ವಾ ಮೇಡಂ" ಅನ್ನುತ್ತಾರೆ. ಸಾಕು ತಾಯಿ.

ಮೆಡಿಕಲ್ ಸ್ಟೋರಿನ ಅಣ್ಣನ ಹೆಸರು ಹೇಳಬೇಡ ಅಂತ ಅವರೇ ಹೇಳಿದ್ದಾರೆ. ಬೈಪಾಸ್ ಆದವರು ಬದುಕಿರುವಷ್ಟು ಕಾಲ ಮಾತ್ರೆ ನುಂಗಬೇಕು. ರಾಗಿ ತಿನ್ನುವವರಿಗೆ ಕ್ಯಾಲ್ಸಿಯಂ ಮಾತ್ರೆ ಯಾಕೆ ಅಂತ ನನ್ನನ್ನು ಕೇಳಿದವರು ಎಷ್ಟೋ ಜನ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ. ಆದರೆ ಅದನ್ನೂ ಕಬ್ಬಿಣವನ್ನೂ ಹೆಚ್ಚಾಗಿ ಹೀರಿಕೊಳ್ಳುವ ಕರುಳಿನ ಮೊದಲ ಭಾಗಕ್ಕೇ ನನ್ನ ಊಟ ಹೋಗುವುದಿಲ್ಲ, ಪಕ್ಕದ ದಾರಿ ಹಿಡಿಯುತ್ತೆ. ಅದಕ್ಕೆ ಮಾತ್ರೆ, ಅದರಲ್ಲೂ ಕ್ಯಾಲ್ಸಿಯಂ ಸಿಟ್ರೇಟ್ ಆಗಬೇಕು, ಕಾರ್ಬೊನೇಟ್ ಅರಗಲು ಬೇಕಾದಷ್ಟು ಆಮ್ಲ ಆ ಪುಟ್ಟ ಚೀಲದಲ್ಲಿ ಇರುವುದಿಲ್ಲ. ಅಂಗಡಿಗಳಲ್ಲಿ ಸುಲಭಕ್ಕೆ ಕೈಗೆ ಬರುವುದು ಕಾರ್ಬೊನೇಟೇ. ಈ ಅಣ್ಣ ನನಗೊಬ್ಬಳಿಗಾಗಿ ಸಿಟ್ರೇಟ್ ತರಿಸಿ ಇಡುತ್ತಾರೆ, ಮುಗಿಯುವ ಮುಂಚೆ ಫೋನ್ ಮಾಡುತ್ತಾರೆ. ಒಮ್ಮೆ ಮಂಡಿ ನೋವು ತಡೆಯಲಾಗದೆ ಮಗನನ್ನು ಕಳಿಸಿ ಡೈಕ್ಲೋಫೆನಾಕ್ ಕೇಳಿಸಿದ್ದಕ್ಕೆ, "ಅಮ್ಮಂಗಾದ್ರೆ ಕೊಡಲ್ಲ, ಜೋಡಣೆ ಹತ್ರ ಹುಣ್ಣಾಗುತ್ತೆ, ಡಾಕ್ಟರ್ ಕೇಳಿ" ಅಂತ ವಾಪಸ್ ಕಳಿಸಿದರು. ಬಂದ ವ್ಯಾಪಾರ ಬಿಟ್ಟ ಅಂಗಡಿಯವರು! ಪ್ಯಾರಸಿಟಮಾಲ್‌ನಲ್ಲೇ ಆ ವಾರ ಕಳೆಯಿತು.

ಟೈಲರ್ ಅಕ್ಕನಿಗೆ ಎರಡೇ ಸಾಲು. 76 ಇದ್ದಾಗ ಹೊಲಿದ ರವಿಕೆಗಳಿಗೆ ಆಕೆ ಒಳಗೆ ಎರಡಿಂಚು ಬಟ್ಟೆ ಬಿಟ್ಟೇ ಹೊಲಿದಿದ್ದರು. 88 ಆದಾಗ ತೆಗೆದುಕೊಂಡು ಹೋದೆ, ಒಂದು ಪ್ರಶ್ನೆ ಕೇಳದೆ ಬಿಚ್ಚಿ ಕೊಟ್ಟರು.

ನಾಲೆ ದಂಡೆಯ ವಾಕಿಂಗ್ ಗೆಳತಿಯರು ಒಂದು ವಿಷಯಕ್ಕೆ ಮುಖ್ಯ. ನಾವು ನಡೆಯುವುದು ವಿಶ್ವೇಶ್ವರಯ್ಯ ನಾಲೆಯ ಪಕ್ಕ. ಕಬ್ಬಿನ ಕಾಲ ಬಂತೆಂದರೆ ದಾರಿಯ ಆಲೆಮನೆಯಲ್ಲಿ ಪಾಕ ಕುದಿಯುವ ವಾಸನೆ, ಅಲ್ಲಿನವರು ಕರೆದು ಕೈಗೆ ಬಿಸಿ ಬೆಲ್ಲ ಇಡದೆ ಬಿಡುವುದಿಲ್ಲ. ಬೈಪಾಸ್ ಆದವರು ಸಿಹಿ ತಿಂದರೆ ಅದು ತಡೆಯಿಲ್ಲದೆ ಕರುಳಿಗೆ ಧುಮುಕುತ್ತೆ: ಎದೆ ಡವಡವ, ಬೆವರು, ಹೊಟ್ಟೆ ಹಿಂಡಿ ಮಲಗಲೇಬೇಕಾದ ಸುಸ್ತು. ಡಂಪಿಂಗ್ ಅನ್ನುತ್ತಾರೆ. ನನಗದು ಮೊದಲು ಆದದ್ದು ಒಂದು ಗೃಹಪ್ರವೇಶದ ಹೋಳಿಗೆಯಿಂದ. ಗೆಳತಿಯರು ಆ ಮೂರು ನಾಲ್ಕು ತಿಂಗಳು ಆಚೆ ದಂಡೆಯ ಮಣ್ಣು ದಾರಿ ಹಿಡಿಯುತ್ತಾರೆ. ಅವರಲ್ಲಿ ಇಬ್ಬರಿಗೆ ಬೆಲ್ಲ ಅಂದರೆ ಪ್ರಾಣ. ಅದು ನನಗೆ ಗೊತ್ತಿದೆ ಅಂತ ಅವರಿಗೂ ಗೊತ್ತಾಗಲಿ.

ನಮ್ಮ ಆಪರೇಷನ್ ಆದವರ ವಾಟ್ಸಾಪ್ ಗುಂಪಿಗೆ, ಅದರಲ್ಲೂ ತನ್ನ ಕುಡಿತದ ಬಗ್ಗೆ ಎಲ್ಲರ ಮುಂದೆ ಬಾಯಿಬಿಟ್ಟು ಹೇಳಿಕೊಂಡ ಆಟೊ ಓಡಿಸುವ ತಮ್ಮನಿಗೆ ನಮಸ್ಕಾರ. ಬೈಪಾಸ್ ನಂತರ ಮದ್ಯ ಬೇಗ ರಕ್ತಕ್ಕೆ ಏರುತ್ತೆ, ಬೇಗ ಚಟವೂ ಆಗಬಹುದು. ಅವನು ಹೇಳಿದ ಮೇಲೆ ಗುಂಪಿನ ಇನ್ನೂ ಇಬ್ಬರು ಡಾಕ್ಟರ ಹತ್ತಿರ ಹೋದರು. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೊವಿ ಅನ್ನುವ ತೂಕ ಇಳಿಸುವ ಇಂಜೆಕ್ಷನ್ ನಮ್ಮ ದೇಶಕ್ಕೆ ಬಂದ ಮೇಲೆ ಗುಂಪಿನಲ್ಲಿ ಅದೇ ಚರ್ಚೆ. ತೂಕ ಮರಳಿದ ಕೆಲವರಿಗೆ ಡಾಕ್ಟರುಗಳು ಅದನ್ನೂ ಬರೆಯುತ್ತಿದ್ದಾರೆ. ನನಗೆ ಸದ್ಯಕ್ಕೆ ಬೇಡ ಅಂದಿದ್ದಾರೆ. ಬೇಕಾದ ದಿನ ತೆಗೆದುಕೊಳ್ಳುತ್ತೇನೆ, ಅದರಲ್ಲಿ ನಾಚಿಕೆಯೇನಿದೆ?

ಯಜಮಾನರಿಗೆ ಇಲ್ಲಿ ಉದ್ದಕ್ಕೆ ಬರೆದರೆ ಮುಜುಗರ ಪಟ್ಟುಕೊಳ್ಳುತ್ತಾರೆ. ಮದ್ದೂರು ಹಾದು ಬರುವಾಗ ವಡೆ ಪೊಟ್ಟಣ ಕಟ್ಟಿಸಿಕೊಂಡು ಬರುವ ಅಭ್ಯಾಸ ಬಿಟ್ಟಿದ್ದಾರೆ, ದಾರಿಯಲ್ಲೇ ತಿಂದು ಮುಗಿಸಿ ಬರುತ್ತಾರೆ. ಇಷ್ಟು ಸಾಕು.

"ಮುಖ ಎಲ್ಲ ಸೊರಗೋಯ್ತಲ್ಲ, ಏನಾದ್ರೂ ಕಾಯಿಲೇನಾ" ಅಂದವರು, ಎಂಟು ಕೆಜಿ ಏರಿದಾಗ "ಅಷ್ಟು ದುಡ್ಡು ಸುರಿದು ಮತ್ತೆ ದಪ್ಪ ಆಗ್ತಿದೀಯಲ್ಲ" ಅಂದವರು ಕೂಡ ಇದನ್ನು ಓದುತ್ತಿರುತ್ತಾರೆ. ನಿಮ್ಮ ಮಾತಿನಿಂದಲೇ ಛಲ ಬಂತು ಅಂತ ಬರೆಯುವುದು ರೂಢಿ. ಸುಳ್ಳು. ಛಲ ಬರಲಿಲ್ಲ, ಆ ರಾತ್ರಿ ಹಸಿವು ಜಾಸ್ತಿ ಆಯಿತು. ನಿಮಗೆ ಧನ್ಯವಾದ ಇಲ್ಲ.

ಕೊನೆಗೆ ನನ್ನ ಓರಗಿತ್ತಿ. ಮದುವೆ ಮನೆಗಳಲ್ಲಿ ಕೂತ ಪಂಕ್ತಿಯಲ್ಲಿ ಎಡಗಡೆ ಯಾವಾಗಲೂ ಅವಳೇ. ಬಡಿಸುವವರು ಓಡೋಡಿ ಬರುತ್ತಾರೆ, ಅವರಿಗೆ ಬೇಡ ಅನ್ನುವ ಮಾತು ಕೇಳಿಸುವುದಿಲ್ಲ, ಕೇಳಿಸಿದರೂ ಸಂಕೋಚ ಅಂದುಕೊಳ್ಳುತ್ತಾರೆ. ಇವಳು ಮಾತಾಡುವುದಿಲ್ಲ, ನನ್ನ ಎಲೆಯ ಮೇಲೆ ತನ್ನ ಕೈ ಅಡ್ಡ ಹಿಡಿಯುತ್ತಾಳೆ. ಒಂದು ಸಲ ಬಿಸಿ ಸಾರು ಅವಳ ಬೆರಳ ಮೇಲೇ ಬಿತ್ತು. ಬಾಡೂಟದಲ್ಲಾದರೆ ಮೆತ್ತನೆಯ ತುಂಡು ಹುಡುಕಿ ಹಾಕಿಸುವವಳೂ ಅವಳೇ.

ಮುಂದಿನ ತಿಂಗಳು ಅವಳ ಮಗಳ ಮದುವೆ. ಅವತ್ತು ಅವಳಿಗೆ ಪುರುಸೊತ್ತಿರುವುದಿಲ್ಲ ಅಂತ ನಮ್ಮತ್ತೆ ಈಗಲೇ ಅಡುಗೆಯವರನ್ನು ಕರೆಸಿ ಹೇಳಿದ್ದಾರೆ: "ನಮ್ಮ ದೊಡ್ಡ ಸೊಸೆ ಎಲೆಗೆ ಪಾಯಸ ಇಕ್ಕಬ್ಯಾಡಿ. ಕಾಳುಪಲ್ಯ ಎರಡ್ ಸಲ ಇಕ್ಕಿ." ನೀವೆಲ್ಲ ಬನ್ನಿ. ನಿಮಗೆ ಪಾಯಸ ಇದೆ.