ಟ್ರೋಮ್ಸೋದಿಂದ ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ಉತ್ತರ ನಾರ್ವೆಯ ಟ್ರೋಮ್ಸೋ ಎಂಬ ಈ ಪುಟ್ಟ ನಗರಕ್ಕೆ ಬಂದು ಐದು ದಿನಗಳಾದವು. ನಾನು ಹೊರಡುವಾಗ, "ಅಷ್ಟು ದುಬಾರಿ ದೇಶದಲ್ಲಿ ನಿನ್ನ ಪಿಂಚಣಿ ಹಣ ಎಷ್ಟು ದಿನಕ್ಕೆ ಬಂದೀತಮ್ಮಾ?" ಎಂದು ಕೇಳಿದ್ದೆಯಲ್ಲ, ಅದರ ಲೆಕ್ಕ ಒಪ್ಪಿಸಲೆಂದೇ ಈ ಪತ್ರ.

ಖರ್ಚಿನಲ್ಲಿ ಬಹುಪಾಲು ಹಾಸಿಗೆಯದೇ. ಆರು ಜನ ಮಲಗುವ ಕೋಣೆಯಲ್ಲಿ ನನ್ನದು ಕಿಟಕಿ ಪಕ್ಕದ ಮಂಚ. ಇಲ್ಲಿ ಮೇ 20ರ ಸುಮಾರಿನಿಂದ ಜುಲೈ 22ರ ಸುಮಾರಿನವರೆಗೆ ಸೂರ್ಯ ಮುಳುಗುವುದೇ ಇಲ್ಲವೆಂದು ಓದಿ ತಿಳಿದಿದ್ದರೂ, ತೆಳುವಾದ ಪರದೆಯಾಚೆ ನಡುರಾತ್ರಿಯ ಬಿಸಿಲು ಮುಖಕ್ಕೆ ಬಿದ್ದಾಗ ಆ ಓದು ಯಾವ ಸಹಾಯವನ್ನೂ ಮಾಡಲಿಲ್ಲ. ಕಣ್ಣಿಗೆ ಶಾಲು ಸುತ್ತಿಕೊಂಡು ಮಲಗುವುದನ್ನು ಎರಡನೆಯ ರಾತ್ರಿಗೆ ಕಲಿತೆ. ಹೋಟೆಲಿನ ಊಟದ ಆಸೆಯನ್ನು ಮೊದಲ ದಿನವೇ ಬಿಟ್ಟೆ. ಬ್ರೆಡ್ಡು, ಇಲ್ಲಿಯವರ ಕಂದುಬಣ್ಣದ ಸಿಹಿ ಚೀಸು, ವಸತಿಯ ಅಡುಗೆಮನೆಯಲ್ಲಿ ಬೇಯಿಸಿಕೊಂಡ ಅನ್ನ, ಇಷ್ಟರಲ್ಲೇ ದಿನ ಕಳೆಯುತ್ತಿದೆ. ನಲ್ಲಿಯ ನೀರನ್ನೇ ಕುಡಿಯಬಹುದು.

ನಗರದ ಕೇಂದ್ರಭಾಗವಿರುವುದು ದ್ವೀಪವೊಂದರ ಮೇಲೆ. ಅಲ್ಲಿಂದ ಆಚೆ ದಡಕ್ಕೆ 1960ರಲ್ಲಿ ಕಟ್ಟಿದ, 1,036 ಮೀಟರ್ ಉದ್ದದ ಸೇತುವೆಯಿದೆ. ಕೆಳಗೆ ಹಡಗುಗಳು ಹಾದುಹೋಗಲೆಂದು ಅದರ ನಡುಭಾಗವನ್ನು ಎತ್ತರಿಸಿರುವುದರಿಂದ, ಬಸ್ಸಿನ ಹಣ ಉಳಿಸಲು ನಡೆದು ಹೊರಟ ನನಗೆ ಏರೂ ಎದುರುಗಾಳಿಯೂ ಒಟ್ಟಿಗೇ ಸಿಕ್ಕವು. ಆದರೆ ಬಸ್ಸಿನಲ್ಲಿ ಕುಳಿತಿದ್ದರೆ, ಮಂಜುಗಡ್ಡೆಯ ಹಾಳೆಗಳನ್ನು ಒರಗಿಸಿಟ್ಟಂತೆ ಕಾಣುವ ಆರ್ಕ್ಟಿಕ್ ಚರ್ಚು (1965) ಹೆಜ್ಜೆಹೆಜ್ಜೆಗೂ ಆಕಾರ ಬದಲಿಸುವುದನ್ನು ನೋಡುತ್ತಿರಲಿಲ್ಲ. ಒಳಹೋಗಲು ಶುಲ್ಕವಿದ್ದುದರಿಂದ ಹೊರಗಿನಿಂದಲೇ ಕೈಮುಗಿದೆ.

ಅದರ ಹಿಂದಿನ ಬೆಟ್ಟಕ್ಕೆ 1961ರಿಂದಲೂ ಕೇಬಲ್ ಕಾರು ಓಡುತ್ತಿದೆ. ಟಿಕೆಟ್ಟಿನ ದರ ನೋಡಿ ಮೆಟ್ಟಿಲುಗಳ ಕಡೆಗೆ ತಿರುಗಿದೆ. ನೇಪಾಳದ ಶೆರ್ಪಾಗಳು ಬಂದು ಕಲ್ಲು ಜೋಡಿಸಿ ಕಟ್ಟಿದ 1,200ಕ್ಕೂ ಹೆಚ್ಚು ಮೆಟ್ಟಿಲುಗಳವು. ಹೆಸರೂ ಶೆರ್ಪಾ ಮೆಟ್ಟಿಲೆಂದೇ. ಹಿಮಾಲಯದಲ್ಲಿ ಕಲಿತ ಕೈಗಳು ಇಷ್ಟು ದೂರ ಬಂದು ಹಾಸಿದ ಕಲ್ಲುಗಳ ಮೇಲೆ ಕೂತು ಕೂತು ಏರಿದೆ. (ಮಂಡಿನೋವಿನ ವಿಷಯ ನಿನ್ನ ಅಪ್ಪನಿಗೆ ಹೇಳಬೇಡ.) ಸುಮಾರು 420 ಮೀಟರ್ ಎತ್ತರದಲ್ಲಿ ನಿಂತಾಗ ದ್ವೀಪ, ಸೇತುವೆ, ಅದರಾಚೆಯ ಹಿಮದ ಬೆಟ್ಟಗಳು ಎಲ್ಲವೂ ಕಂಡವು. ಆರ್ಕ್ಟಿಕ್ ವೃತ್ತಕ್ಕಿಂತಲೂ ಉತ್ತರದಲ್ಲಿರುವ ಈ ಬಂದರು ಚಳಿಗಾಲದಲ್ಲೂ ಹೆಪ್ಪುಗಟ್ಟದಿರುವುದಕ್ಕೆ ಅಟ್ಲಾಂಟಿಕ್ಕಿನಿಂದ ಬರುವ ಬೆಚ್ಚನೆಯ ಸಮುದ್ರಪ್ರವಾಹ ಕಾರಣವಂತೆ.

ಮಳೆ ಬಂದ ದಿನ ನನ್ನನ್ನು ಕಾಪಾಡಿದ್ದು ಸಾರ್ವಜನಿಕ ಗ್ರಂಥಾಲಯ. ಹಿಂದೆ ಚಿತ್ರಮಂದಿರವಾಗಿದ್ದ ಕಟ್ಟಡದ ಬಾಗಿದ ಛಾವಣಿಯನ್ನು ಹಾಗೆಯೇ ಉಳಿಸಿಕೊಂಡು, ಸುತ್ತಲೂ ಗಾಜಿನ ಗೋಡೆಯೆಬ್ಬಿಸಿದ್ದಾರೆ. ಒಂದು ಅಕ್ಷರವೂ ಓದಲು ಬಾರದ ಭಾಷೆಯ ಪುಸ್ತಕಗಳ ನಡುವೆ ಮೂರು ಗಂಟೆ ಕುಳಿತಿದ್ದೆ. ಯಾಕೆ ಬಂದೆಯೆಂದು ಯಾರೂ ಕೇಳಲಿಲ್ಲ. ಸಂಜೆ ಬಂದರಿನಲ್ಲಿ ಅಮುಂಡ್ಸನ್ನನ ಪ್ರತಿಮೆಯ ಬಳಿ ನಿಂತೆ. ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದ ಆತ 1928ರಲ್ಲಿ ಇನ್ನೊಬ್ಬ ಅನ್ವೇಷಕನನ್ನು ಹುಡುಕಲು ಇಲ್ಲಿಂದಲೇ ವಿಮಾನ ಹತ್ತಿದವನು, ಮರಳಲಿಲ್ಲ.

ಕೊನೆಗೆ, ಆದಾಯದ ಲೆಕ್ಕ. ಇಲ್ಲಿ ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಚಿಕ್ಕದಕ್ಕೆ ಎರಡು, ದೊಡ್ಡದಕ್ಕೆ ಮೂರು ಕ್ರೋನ (ಇಲ್ಲಿಯ ಹಣ) ಮರಳಿ ಬರುತ್ತದೆ. ಕೋಣೆಯ ಹುಡುಗಿಯರು ಬಿಟ್ಟುಹೋದ ಬಾಟಲಿಗಳಿಂದ ನನಗೆ ಹದಿನಾಲ್ಕು ಕ್ರೋನ ಬಂತು. ನಗಬೇಡ, ರಸೀದಿಯನ್ನು ತೆಗೆದಿಟ್ಟಿದ್ದೇನೆ.

ನಿನ್ನ ಅಮ್ಮ