ಗೂಡಿನ ದರ ಮತ್ತು ನನ್ನ ಬ್ಯಾಕ್‌ಲಾಗ್ ಪೇಪರು

ಅಂತೂ ಎಂಎ ಅರ್ಥಶಾಸ್ತ್ರ ಮುಗಿಯಿತು. ಉಳಿದಿದ್ದ ಒಂದೇ ಒಂದು ಪೇಪರು, ಅಂತಾರಾಷ್ಟ್ರೀಯ ವ್ಯಾಪಾರ, ಮೂರನೇ ಸಲಕ್ಕೆ ಪಾಸಾಯಿತು. ಫೋನ್ ಮಾಡಿ ಹೇಳಬೇಕಾದವರು ಜಾಸ್ತಿ ಇದ್ದಾರೆ, ಕೆಲವರ ನಂಬರೂ ನನ್ನ ಹತ್ತಿರ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಶಿಡ್ಲಘಟ್ಟದ ಹತ್ತಿರ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು, ಮಿಕ್ಕಿದ್ದೆಲ್ಲ ರೇಷ್ಮೆ ಹುಳು. ಡಿಗ್ರಿವರೆಗೂ ಕನ್ನಡ ಮೀಡಿಯಂ. ಕೋಲಾರಕ್ಕೆ ಎಂಎಗೆ ಹೋದರೆ ಪುಸ್ತಕಗಳೆಲ್ಲ ಇಂಗ್ಲಿಷು. ಮೊದಲ ಸಲ ಫೇಲಾದಾಗ ಇಂಗ್ಲಿಷಿನ ಮೇಲೆ ಹಾಕಿ ಸುಮ್ಮನಾದೆ. ಎರಡನೇ ಸಲ ಗೆಳತಿ ಕನ್ನಡದಲ್ಲಿ ಬರೆದುಕೊಟ್ಟ ನೋಟ್ಸನ್ನು ಬಾಯಿಪಾಠ ಮಾಡಿ ಹೋದೆ. ಆಗಲೂ ಫೇಲು. ನನಗೆ ವಿಷಯವೇ ತಲೆಗೆ ಹೋಗಿರಲಿಲ್ಲ.

ಮೊದಲ ಥ್ಯಾಂಕ್ಸ್ ಅಮ್ಮನಿಗೆ. ಏಕೆ ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಹುಳು ಹಣ್ಣಾದ ದಿನ ನಮ್ಮನೆಯಲ್ಲಿ ಯಾರೂ ಮಲಗುವುದಿಲ್ಲ. ಮೈ ತಿಳಿಯಾಗಿ, ಹಳದಿಗೆ ತಿರುಗಿದ ಹುಳುಗಳನ್ನು ಆರಿಸಿ ಚಂದ್ರಿಕೆಗೆ, ಅಂದರೆ ಅವು ಗೂಡು ಕಟ್ಟುವ ತಟ್ಟೆಗೆ, ಬಿಡಬೇಕು. ತಡವಾದರೆ ಹುಳು ಸಿಕ್ಕಲ್ಲೇ ನೂಲು ಬಿಡುತ್ತೆ. ಅವತ್ತು ಸೋದರತ್ತೆ ಬಂದಿದ್ದರು. ಅಮ್ಮ ಎಲ್ಲದರಲ್ಲೂ ಚುರುಕು. ಅಮ್ಮ ನಾಲ್ಕು ಚಂದ್ರಿಕೆ ತುಂಬಿಸುವ ಹೊತ್ತಿಗೆ ಅತ್ತೆ ಒಂದು ತುಂಬಿಸುತ್ತಾರೆ. ಸೊಪ್ಪು ಕೊಯ್ಯೋದರಲ್ಲಿ ಅಮ್ಮ ನಾಲ್ಕು ಹೊರೆ ಅಂದರೆ ಅತ್ತೆ ಮೂರು. ಹಣ್ಣಾಗದೆ ಹಿಂದೆ ಉಳಿದ ಹುಳುಗಳಿಗೆ ಇನ್ನೂ ಸೊಪ್ಪು ಬೇಕಿತ್ತು. ಅಮ್ಮ ತಲೆಯೆತ್ತದೆ ಹೇಳಿದಳು: "ನೀವು ಸೊಪ್ಪಿಗೆ ಹೋಗಿ ಅತ್ತಿಗೆ, ಹುಳು ನಾನು ನೋಡ್ಕೋತೀನಿ."

ನಾನು ಕೈಯಲ್ಲಿ ಹುಳು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಅರ್ಥಶಾಸ್ತ್ರಜ್ಞ ರಿಕಾರ್ಡೊ 1817ರಲ್ಲಿ ಬರೆದದ್ದು ಇದನ್ನೇ ಅಲ್ವಾ! ಅವನ ಲೆಕ್ಕದಲ್ಲಿ ಬಟ್ಟೆಗೆ ಪೋರ್ಚುಗಲ್‌ನಲ್ಲಿ 90 ಜನ ಬೇಕು, ಇಂಗ್ಲೆಂಡ್‌ನಲ್ಲಿ 100. ವೈನ್‌ಗೆ ಪೋರ್ಚುಗಲ್‌ನಲ್ಲಿ 80, ಇಂಗ್ಲೆಂಡ್‌ನಲ್ಲಿ 120. ಎರಡರಲ್ಲೂ ಪೋರ್ಚುಗಲ್ಲೇ ಮುಂದು. ಆದರೂ ತಾನು ಹೆಚ್ಚು ಮುಂದಿರುವ ವೈನನ್ನೇ ಅದು ಮಾಡಲಿ, ಬಟ್ಟೆ ಇಂಗ್ಲೆಂಡಿಗೆ ಬಿಡಲಿ, ಇಬ್ಬರಿಗೂ ಲಾಭ ಅಂತ. ಇದೇ ತುಲನಾತ್ಮಕ ವೆಚ್ಚ ಸಿದ್ಧಾಂತ. ಎರಡು ವರ್ಷ ನನಗೆ ಸಿಗದ ಪೋರ್ಚುಗಲ್ ನಮ್ಮ ಹುಳುಮನೆಯಲ್ಲಿ ಸೆರಗು ಸಿಕ್ಕಿಸಿಕೊಂಡು ಕೂತಿತ್ತು.

ಎರಡನೆಯದು ನಮ್ಮ ಮೇಷ್ಟ್ರಿಗೆ. ಹೆಸರು ಹಾಕಿದರೆ ಬೈಯುತ್ತಾರೆ, ಬೇಡ. ಆಮದು ಸುಂಕದಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಅಂತ ತೋರಿಸುವ ರೇಖಾಚಿತ್ರವನ್ನು ಮತ್ತೆ ಮತ್ತೆ ತಪ್ಪು ಬರೆದು ತೋರಿಸಿದಾಗ ಅವರು ಕೇಳಿದ್ದು ಒಂದೇ: "ನಿಮ್ಮ ತಂದೆ ರೇಷ್ಮೆ ಬೆಳೆಯೋರಲ್ವೇನಮ್ಮಾ? 2011ರಲ್ಲಿ ನಿಮ್ಮನೆಯಲ್ಲಿ ಏನಾಯ್ತು, ಕೇಳ್ಕೊಂಡು ಬಾ."

ಅಪ್ಪನನ್ನು ಕೇಳಿದೆ. ಅಪ್ಪ ಮಾತಾಡಲಿಲ್ಲ, ಹಳೇ ಲೆಕ್ಕದ ಪುಸ್ತಕ ತಂದು ಮುಂದಿಟ್ಟರು. ಆ ವರ್ಷದ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದ್ದರು. ಬೇರೆ ತೆರಿಗೆ ಬಿಟ್ಟು ನೋಡಿದರೆ, ಚೀನಾದಿಂದ 100 ರೂಪಾಯಿಗೆ ಬರುವ ನೂಲು ಇಲ್ಲಿ 130 ಆಗುತ್ತಿದ್ದದ್ದು 105ಕ್ಕೆ ಬಂತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯೋಕೆ ಗೂಡು ಕೊಳ್ಳುವವರು ಹರಾಜಿನಲ್ಲಿ ಹಳೇ ದರ ಕೂಗುತ್ತಾರಾ? ಪುಸ್ತಕದಲ್ಲಿ ಒಂದೊಂದು ಬೆಳೆಗೂ ದರ ಇಳಿಯುತ್ತಾ ಹೋಗಿದೆ. ಒಂದು ಪುಟದಲ್ಲಿ ಖರ್ಚು ಮಾತ್ರ ಇದೆ, ಬಂದ ದುಡ್ಡಿನ ಜಾಗ ಖಾಲಿ. ಆ ಗೂಡನ್ನು ಅಪ್ಪ ಸಂಕಟಕ್ಕೆ ಬರೆಯಲೇ ಇಲ್ಲವಂತೆ. ಆಗ ನನಗೆ ಒಂಬತ್ತು ವರ್ಷ. ಆ ವರ್ಷ ಯುಗಾದಿಗೆ ಹೊಸ ಬಟ್ಟೆ ಯಾಕೆ ತರಲಿಲ್ಲ ಅಂತ ಅತ್ತದ್ದು ನೆನಪಿದೆ, ಕಾರಣ ಗೊತ್ತಿರಲಿಲ್ಲ. 2013ರಲ್ಲಿ ಸುಂಕವನ್ನು ಮತ್ತೆ ಶೇ 15ಕ್ಕೆ ಏರಿಸಿದರು.

ಚಿತ್ರ ಅರ್ಥವಾಯಿತು, ಆದರೆ ಅರ್ಧ. ಇನ್ನರ್ಧಕ್ಕೆ ದೊಡ್ಡಬಳ್ಳಾಪುರದ ಸೋದರಮಾವನಿಗೆ ಋಣಿ. ಅವರದು ಪವರ್‌ಲೂಮ್. 2011 ಅವರಿಗೆ ಒಳ್ಳೇ ವರ್ಷ, ನೂಲು ಅಗ್ಗ ಸಿಕ್ಕಿತ್ತು. "ನಿಮ್ಮಪ್ಪನ ಗೂಡಿಗೆ ರೇಟು ಬಂದ್ರೆ ನನ್ನ ಮಗ್ಗ ನಿಲ್ಲುತ್ತಲ್ಲ, ಅದನ್ನೂ ಬರಿ" ಅಂದರು. ಆ ಕಾಲದಲ್ಲಿ ಹಬ್ಬದ ಊಟಕ್ಕೆ ಕೂತು ಅಪ್ಪ, ಮಾವ ಜಗಳ ಆಡಿದ್ದು ಈ ವಿಷಯಕ್ಕೇ. ನಾವು ಮಕ್ಕಳು ಆಸ್ತಿ ಜಗಳ ಅಂದುಕೊಂಡಿದ್ದೆವು.

ಒಂದು ಮಾತು ಮಾತ್ರ ಇನ್ನೂ ಗಂಟಲಲ್ಲಿದೆ. ಸುಂಕ ಇಳಿದರೆ ಗೆದ್ದವರ ಲಾಭ ಸೋತವರ ನಷ್ಟಕ್ಕಿಂತ ದೊಡ್ಡದು, ಸೋತವರಿಗೆ ತುಂಬಿಕೊಟ್ಟರೂ ಮಿಗುತ್ತದೆ ಅನ್ನುತ್ತದೆ ಪುಸ್ತಕ. ಲೆಕ್ಕ ಸರಿ. ಆದರೆ ತುಂಬಿಕೊಡುವವರು ಯಾರು? ಆಮದಿನಿಂದ ಕೆಲಸ ಕಳಕೊಂಡವರಿಗೆ ನೆರವು ಕೊಡಲು ಅಮೆರಿಕ 1962ರಲ್ಲೇ ಕಾನೂನು ಮಾಡಿತ್ತು ಅಂತ ಓದಿದ್ದೆ. "ನಿಂಗೇನಾದ್ರೂ ಕೊಟ್ರಾ ಅಪ್ಪಾ?" ಅಂದೆ. "ಕೊಟ್ರಲ್ಲ, ಬ್ಯಾಂಕಿಂದ ನೋಟೀಸು" ಅಂದರು. ಪರೀಕ್ಷೆಯಲ್ಲಿ ನೋಟೀಸಿನ ಸುದ್ದಿ ಬರೆಯಲಿಲ್ಲ. ಗೂಡು, ಮಗ್ಗ ಎರಡನ್ನೂ ಬರೆದೆ.

ನೋಟ್ಸ್ ಬರೆದುಕೊಟ್ಟ ಗೆಳತಿಗೆ, ಚಿಂತಾಮಣಿಯಲ್ಲಿ ಬಸ್ ತಪ್ಪಿದಾಗಲೆಲ್ಲ ಕೂರಲು ಸ್ಟೂಲ್ ಕೊಟ್ಟ ಟೀ ಅಂಗಡಿ ಅಕ್ಕನಿಗೆ, "ಇನ್ನೆಷ್ಟು ಓದ್ತೀಯಾ" ಅಂತ ಒಂದು ಸಲವೂ ಕೇಳದ ಅಜ್ಜಿಗೆ ಥ್ಯಾಂಕ್ಸ್.

ಪಾಸಾದದ್ದಕ್ಕೆ ಮಾವ ತಮ್ಮ ಮಗ್ಗದ್ದೇ ಸೀರೆ ತಂದುಕೊಟ್ಟರು. ಅಪ್ಪ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು.

"ಯಾವ ನೂಲು ಭಾವ?"

ಮಾವ ಕಾಫಿ ಲೋಟ ಎತ್ತಿಕೊಂಡರು. ನಾನು ಸೀರೆ ಮಡಚಿ ಒಳಗಿಟ್ಟೆ.