ನೆಂಟರ ಕೋಣೆ ತುಂಬಿತು, ಎಲ್ಲರಿಗೂ ಥ್ಯಾಂಕ್ಸ್

ಕುಮಟಾದ ನಮ್ಮ ಮನೆ ಅಂತೂ ಮುಗಿಯಿತು. 2025ರ ಏಪ್ರಿಲ್‌ನಲ್ಲಿ ಒಕ್ಕಲಾದೆವು. ಅವತ್ತು ಅಪ್ಪೆಹುಳಿ ಲೋಟ ಹಂಚುವ ಗಡಿಬಿಡಿಯಲ್ಲಿ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ, ಅದಕ್ಕೇ ಇದು.

ಹಳೇ ಮನೆ ಬಿಚ್ಚಿದ್ದು 2024ರ ಜನವರಿಯಲ್ಲಿ. ಮಳೆಗಾಲದೊಳಗೆ ಮಾಡು ಹಾಕಿಯೇ ಸಿದ್ಧ ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದೆ. ಚಿರೆಕಲ್ಲಿನ ಗೋಡೆ ಕಿಟಕಿ ಮಟ್ಟಕ್ಕೆ ಬರುವಷ್ಟರಲ್ಲಿ, ಮುಂಗಡ ತೆಗೆದುಕೊಂಡ ಕಂಟ್ರಾಕ್ಟರು ಫೋನ್ ಎತ್ತುವುದನ್ನೇ ಬಿಟ್ಟರು. ಜೂನ್ ಬಂತು. ನಮ್ಮ ಕಡೆಯ ಮಳೆ ಗೊತ್ತಲ್ಲ! ತೆಂಗಿನ ಮಡಲು ಹೆಣೆದು, ಮೇಲೆ ತಾಡಪಾಲು ಕಟ್ಟಿ ಗೋಡೆಯ ತಲೆ ಮುಚ್ಚಿದ್ದು ಕೇರಿಯ ಹುಡುಗರು. ಒಬ್ಬನೂ ದುಡ್ಡು ಮುಟ್ಟಲಿಲ್ಲ.

ಆಚೆಮನೆ ಅಕ್ಕ, ಭಾವ, ನಿಮಗೆ ಏನು ಹೇಳಲಿ? ನಾಲ್ಕು ತಿಂಗಳು ಅಂತ ಬಂದ ನಾವು ಹದಿನೈದು ತಿಂಗಳು ನಿಮ್ಮಲ್ಲೇ ಇದ್ದೆವು. ಅಮ್ಮ, ನಾವಿಬ್ಬರು, ಇಬ್ಬರು ಮಕ್ಕಳು, ಮೇಲಿಂದ ಬೆಕ್ಕು. ಬಾಡಿಗೆ ಮಾತೆತ್ತಿದರೆ ಭಾವ ಎದ್ದು ತೋಟಕ್ಕೆ ಹೋಗಿಬಿಡುತ್ತಿದ್ದರು.

ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಅಲ್ಲಿ ಹೋದ ಜೀವಗಳ ಮುಂದೆ ನಮ್ಮ ಬಾಗಿಲು ಕಿಟಕಿ ತಡವಾದದ್ದನ್ನು ಹೇಳಲೂ ನಾಚಿಕೆ. ಆದರೂ ಅಂಕೋಲಾ ಕಡೆಯ ನಮ್ಮ ಆಚಾರಿಯವರನ್ನು ನೆನೆಯದೆ ಇರಲಾರೆ. ಉಳಿ, ಗರಗಸ ಎಲ್ಲ ಚೀಲಕ್ಕೆ ತುಂಬಿಕೊಂಡು ರೈಲು ಹತ್ತಿ ಬಂದರು, ವಾರಗಟ್ಟಲೆ ಇಲ್ಲೇ ಉಳಿದರು. ಎಲ್ಲಿ ಉಳಿದರು ಅಂತೀರಾ? ಅದೇ ಆಚೆಮನೆ ಜಗಲಿಯಲ್ಲಿ, ನಮ್ಮ ಚಾಪೆಯ ಪಕ್ಕ.

ಆ ಜಗಲಿಯಲ್ಲಿ ಮಲಗಿದ್ದಾಗಲೇ ನೆಂಟರ ಕೋಣೆ ತಲೆಗೆ ಬಂದದ್ದು, ಅಲ್ಲಿಯವರೆಗೆ ನಕ್ಷೆಯಲ್ಲಿ ಅದು ಇರಲೇ ಇಲ್ಲ. ಪಡುವಣಕ್ಕೆ ಎರಡು ಕೋಣೆ, ಅದಕ್ಕೇ ಬೇರೆ ಬಾಗಿಲು, ಬೇರೆ ಬಚ್ಚಲು. ದುಡ್ಡಿಲ್ಲದ ಹೊತ್ತಲ್ಲಿ ಇದೆಂಥ ಹುಚ್ಚು ಅಂತ ಅಮ್ಮ ಬೈದಳು. ಬೈದವಳೇ ಮರುದಿನದಿಂದ ಅಕ್ಕನ ಜೊತೆ ಕೂತು ಹಳೇ ಮನೆಯ ಹೆಂಚಿನ ಪಾಚಿ ತಿಕ್ಕತೊಡಗಿದಳು, ಆ ಕೋಣೆಗಳ ಮಾಡಿಗೆ ಅವೇ ಹೆಂಚು. ಕೆಲವದರ ಮೇಲೆ ಬಾಸೆಲ್ ಮಿಷನ್ನಿನ ಮುದ್ರೆ, 1865 ಅಂತ ಇಸವಿ. (ಅದು ಕಾರ್ಖಾನೆ ಶುರುವಾದ ವರ್ಷ, ಹೆಂಚಿನ ವಯಸ್ಸಲ್ಲ. ನೋಡಿದವರೆಲ್ಲ ನೂರೈವತ್ತು ವರ್ಷದ ಹೆಂಚು ಅಂತ ಬಾಯಿ ಬಿಡುತ್ತಾರೆ, ನಾನೂ ಸುಮ್ನೆ ಇರುತ್ತೇನೆ.)

ಮುಂಬೈಯ ಚಿಕ್ಕಪ್ಪ ಕೇಳದೆಯೇ ದುಡ್ಡು ಕಳಿಸಿದರು. ಕಬ್ಬಿಣದ ಸರಳು ಜಾಸ್ತಿ ತಂದಿಡಬೇಡ, ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ, ಬಿಜಾಗರಿ ಹಿತ್ತಾಳೆಯದೇ ಹಾಕಿಸು ಅಂತ ಬೆಂಗಳೂರಿನಿಂದ ದಿನಾ ಫೋನ್ ಮಾಡಿ ತಲೆ ತಿಂದ ಗೆಳೆಯನಿಗೂ ಥ್ಯಾಂಕ್ಸ್. ನೀನು ಹೇಳಿದ್ದು ಸರಿ ಮಾರಾಯ, ಒಪ್ಪಿದೆ.

ಮೇ ತಿಂಗಳಲ್ಲಿ ಆಚೆಮನೆ ಮಗಳ ಮದುವೆ. ಅವರಲ್ಲಿ ನೆಂಟರಿಗೆ ಜಾಗ ಸಾಲಲಿಲ್ಲ, ಹನ್ನೊಂದು ಜನ ನಮ್ಮ ಎರಡು ಕೋಣೆಯಲ್ಲಿ ಮಲಗಿದರು. ಆ ವರ್ಷ ಮಳೆ ಮೇ ಮುಗಿಯುವ ಮೊದಲೇ ಬಂತಲ್ಲ, ಮೂಲೆಯ ಒಂದು ಹೆಂಚು ಸೋರಿತು. ಭಾವ ಅಡಿಗೆ ತಪ್ಪಲೆ ಇಟ್ಟು, ಅದರ ಪಕ್ಕವೇ ಚಾಪೆ ಹಾಸಿಕೊಂಡು ಗೊರಕೆ ಹೊಡೆದರು.